ಮನೆ ಬಿಡದ ಬುದ್ಧ

ನಮ್ಮ ಸೋದರಮಾವನಿಗೆ ಬುದ್ಧನ ಮೇಲೆ ಎಷ್ಟು ಪ್ರೀತಿ ಅಂದರೆ, ಹತ್ತು ಹನ್ನೆರಡು ವರ್ಷ ಅವನನ್ನು ಅರಮನೆಯಿಂದ ಹೊರಗೆ ಬಿಡಲೇ ಇಲ್ಲ! ಉಳಿದ ಕವಿಗಳೆಲ್ಲ ಒಂದೇ ರಾತ್ರಿಯಲ್ಲಿ ಕಾಡಿಗೆ ಕಳಿಸಿಬಿಟ್ಟ ಆ ರಾಜಕುಮಾರ, ಮಾಮನ ಕೈಗೆ ಸಿಕ್ಕು, ಹಾಸಿಗೆಯಿಂದ ಏಳುವುದು, ಮತ್ತೆ ಹೋಗಿ ಮಲಗುವುದು, ಇಷ್ಟರಲ್ಲೇ ನಡುವಯಸ್ಸಿಗೆ ಬಂದಿದ್ದ.

ಮಾಮ ದೇವದುರ್ಗದಲ್ಲಿ ಪ್ರೈಮರಿ ಶಾಲೆಯ ಮಾಸ್ತರ. ಕಂಡವರ ಹೊಲದಲ್ಲಿ ಕಳೆ ತೆಗೆದು ಮಗನನ್ನು ಓದಿಸಿದ್ದ ನಮ್ಮ ಅಜ್ಜಿ, ಮಲ್ಲಟದ ಗುಡಿಸಲು ಬಿಟ್ಟು ಅವನ ಜೊತೆಗೇ ಇದ್ದಳು. ಎಪ್ಪತ್ತರ ದಶಕದ ಆರಂಭದಲ್ಲಿ ಮಾಮ ರಾಯಚೂರಿನ ಒಂದು ಸಭೆಗೆ ಹೋಗಿ ಬುದ್ಧನನ್ನು ಒಪ್ಪಿಕೊಂಡು ಬಂದ. ಬರುವಾಗ ಒಂದು ಪಟವನ್ನೂ ತಂದ. ಅಜ್ಜಿ ಅದನ್ನು ಎಲ್ಲಮ್ಮನ ಪಕ್ಕದಲ್ಲೇ ಇಟ್ಟು, ಎಣ್ಣೆ ತುಟ್ಟಿಯಾಗಿದೆ ಎಂದು ಇಬ್ಬರಿಗೂ ಸೇರಿ ಒಂದೇ ದೀಪ ಹಚ್ಚಿದಳು. ಅದೇ ವಾರ ಮಾಮ ಷಟ್ಪದಿಯಲ್ಲಿ ಬುದ್ಧನ ಪುರಾಣ ಬರೆಯಲು ಕೂತ.

ಪುರಾಣ ಬುದ್ಧನದು, ನಿಜ. ಆದರೆ ಊರು ನಮ್ಮದೇ! ಬರ ಬಿದ್ದ ವರ್ಷ ಬರೆದ ಸಂಧಿಯಲ್ಲಿ ಮಹಾರಾಣಿ ಕೊಡ ಹಿಡಿದು ಬೋರಿಂಗಿನ ಮುಂದೆ ಪಾಳಿ ನಿಂತಿದ್ದಳು. ತುರ್ತು ಪರಿಸ್ಥಿತಿ ಬಂದಾಗ, ಯಾರೂ ಬಾಯಿ ಬಿಡಬಾರದು, ಎಲ್ಲರೂ ಹೊತ್ತಿಗೆ ಸರಿಯಾಗಿ ಬರಬೇಕು ಎಂದು ಮಹಾರಾಜ ಡಂಗುರ ಸಾರಿಸಿದ. ಆ ಮಹಾರಾಜನ ಕೆಮ್ಮು ಥೇಟ್ ಮಾಮನ ಹೆಡ್ ಮಾಸ್ತರರದು. ರಾಜಕುಮಾರ ಕಂಡ ಮುದುಕ ಮಟಮಾರಿ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತಿದ್ದ. ರೋಗಿ ರಾಯಚೂರಿನ ದವಾಖಾನೆಯ ಪಡಸಾಲೆಯಲ್ಲಿ, ಮಂಚ ಸಿಗದೆ, ನೆಲದ ಮೇಲೆ ಮಲಗಿದ್ದ. ಕೃಷ್ಣೆಯ ದಂಡೆಯಲ್ಲಿ ವಿದ್ಯುತ್ ಕೇಂದ್ರದ ಚಿಮಣಿಗಳು ಎದ್ದ ಮೇಲೆ ಅರಮನೆಗೂ ಕರೆಂಟು ಬಂತು. ಬಂದಷ್ಟೇ ಬೇಗ ಹೋಗುತ್ತಲೂ ಇತ್ತು.

ಆಗ ನಾನು ರಾಯಚೂರಿನಲ್ಲಿ ಕಾಲೇಜು ಕಲಿಯುತ್ತಿದ್ದೆ. ನಾಲ್ಕಕ್ಷರ ಕಲಿತ ಸೊಕ್ಕು ಇರುತ್ತದಲ್ಲ, ಕೇಳಿಯೇಬಿಟ್ಟೆ: “ಮಾಮಾ, ಬುದ್ಧನ ಕಾಲದಾಗ ಬೋರಿಂಗ್ ಎಲ್ಲಿತ್ತು?”

ಮಾಮ ತೊಡೆಯ ಮೇಲೆ ಷಟ್ಪದಿಯ ಮಾತ್ರೆ ಎಣಿಸುತ್ತಿದ್ದ ಬೆರಳು ನಿಲ್ಲಿಸದೆ ಅಂದ: “ನೀರಡಿಕಿ ಇತ್ತಿಲ್ಲೋ?”

ಎಲ್ಲ ಸರಿ, ಮನೆ ಬಿಡುವ ಸಂಧಿ ಮಾತ್ರ ಮುಂದೆ ಸರಿಯಲೊಲ್ಲದು. ರಾಜಕುಮಾರ ಎದ್ದು ನಿಂತ ಕೂಡಲೇ ಮಾಮ ಏನಾದರೊಂದು ಅಡ್ಡ ತರುತ್ತಿದ್ದ. ಒಂದು ವರ್ಷ ಕೂಸು ಅತ್ತಿತು. ಮರುವರ್ಷ ಕುದುರೆ ಕುಂಟಿತು. ಆಮೇಲೆ ಸಾರಥಿ ಭತ್ಯೆ ಸಾಲದೆಂದು ಜಗಳ ತೆಗೆದ. ಅದೂ ಬಗೆಹರಿಯಿತು ಅನ್ನುವಷ್ಟರಲ್ಲಿ ಅಗಸೆಬಾಗಿಲಿನ ಅಗಳಿ ತುಕ್ಕು ಹಿಡಿಯಿತು!

ಸ್ವಂತ ಮನೆಯಲ್ಲೂ ಅವನದು ಅದೇ ಕಾವಲು. ಚಳಿಯಿರಲಿ, ಸೆಕೆಯಿರಲಿ, ಬಾಗಿಲಿಗೆ ಅಡ್ಡ ಹೊರಸು ಹಾಕಿಯೇ ಮಲಗುತ್ತಿದ್ದ. ಯಾರಿಗಾದರೂ ಹೊರಗೆ ಹೋಗಬೇಕೆನಿಸಿದರೆ ಅವನನ್ನು ಎಬ್ಬಿಸಿ, ಎಲ್ಲಿಗೆ, ಯಾಕೆ ಎಂದು ಹೇಳಿಯೇ ದಾಟಬೇಕು. ಮಾಸ್ತರ ಎಂದು ಹೇಳಿ ತನಗೆ ಜೈಲರನನ್ನು ಕಟ್ಟಿದರು ಅಂತ ಅತ್ತೆ ಓಣಿಯಲ್ಲೆಲ್ಲ ಹೇಳಿಕೊಂಡು ನಗುತ್ತಿದ್ದಳು.

ಎಂಬತ್ತರ ದಶಕದ ಒಂದು ಬುದ್ಧ ಪೂರ್ಣಿಮೆಗೆ ಮಾನ್ವಿಯ ಹುಡುಗರು ಮಾಮನನ್ನು ಪುರಾಣ ಓದಲು ಕರೆದರು. ನಾನೂ ಹೋದೆ. ಬೋರಿಂಗಿನ ರಾಣಿಗೆ ಜನ ಬಿದ್ದು ಬಿದ್ದು ನಕ್ಕರು. ದವಾಖಾನೆ ಬಂದಾಗ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಕೊನೆಗೆ ಅಗಳಿ ತುಕ್ಕು ಹಿಡಿದು, ರಾಜಕುಮಾರ ಮತ್ತೆ ಹೋಗಿ ಮಲಗಿದ. ಮುಂದೆ ಕೂತಿದ್ದ ಒಬ್ಬ ಮುದುಕ ಮೆಲ್ಲಗೆ ಎದ್ದು ಕೇಳಿದ:

“ಸರ, ಅವ ಹೋಗದಿದ್ದರ ನಮಗ ಬುದ್ಧ ಎಲ್ಲಿಂದ ಬರ್ತಾನ್ರೀ?”

ಅದರಲ್ಲಿ ಕುಹಕವಿರಲಿಲ್ಲ. ಆದರೂ ಮಾಮ ಹಾಳೆ ಮಡಚಿ, ಕೆಳಗಿಳಿದು ಬಂದ. ದೇವದುರ್ಗದ ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತ ಅಂದ: “ಹೋದವ ಬುದ್ಧ ಆಗತಾನ. ಮನ್ಯಾಗ ಉಳದವರು ಏನಾಗಬೇಕು?”

ನಿಜಾಮನ ಆಳಿಕೆಯ ಕೊನೆಯ ದಿನಗಳಲ್ಲಿ, ಮಲ್ಲಟದ ಆ ಗುಡಿಸಲಿನಿಂದ, ನಮ್ಮ ಅಜ್ಜ ಯಾರಿಗೂ ಹೇಳದೆ ಹೊರಟುಹೋಗಿದ್ದ. ಬೆಳಗ್ಗೆ ಎದ್ದರೆ ಇರಲಿಲ್ಲ, ಅಷ್ಟೇ. ಹೈದರಾಬಾದಿಗೆ ಹೋದ ಅಂದರು ಕೆಲವರು, ಸತ್ತ ಅಂದರು ಕೆಲವರು. ಆಗ ನಮ್ಮವ್ವ ತೊಟ್ಟಿಲ ಕೂಸು, ಮಾಮ ಆರೇಳು ವರ್ಷದವನು. ಅಜ್ಜಿ ಕುಂಕುಮ ಅಳಿಸಲಿಲ್ಲ. ಗಂಡನ ಸುದ್ದಿಯನ್ನೂ ಎತ್ತಲಿಲ್ಲ. ಅವಳು ಎತ್ತದ್ದನ್ನು ನಾವ್ಯಾರೂ ಎತ್ತುತ್ತಿರಲಿಲ್ಲ.

ಮಾನ್ವಿಯಿಂದ ಬಂದ ಮೇಲೆ ಮಾಮ ಬರೆಯುವುದನ್ನೇ ಬಿಟ್ಟ. ಶಾಲೆಯಿಂದ ಬಂದು ಗೋಡೆಗೆ ಒರಗಿ ಸುಮ್ಮನೆ ಕೂತಿರುತ್ತಿದ್ದ. ಓಣಿಯಲ್ಲಿ ನಗುತ್ತಿದ್ದ ಅತ್ತೆಯೇ ಈಗ ಹೆದರಿ, ಅವನಿಗೆ ಒಂದು ಮಾತು ಹೇಳು ಎಂದು ನನಗೆ ಗಂಟುಬಿದ್ದಳು. ನನ್ನ ಮಾತು ಅವನ ಕಿವಿಗೆ ಬೀಳಲಿಲ್ಲ.

ದಸರೆಯ ರಜೆಯಲ್ಲಿ ಒಂದು ಸಂಜೆ ಅಜ್ಜಿಯೇ ಅವನನ್ನು ಕರೆದು, ಆ ಮನೆ ಬಿಡೋ ಸಂಧಿ ಓದು ಅಂದಳು. ಮಾಮ ಮೊದಲು ಒಲ್ಲೆ ಅಂದ, ಆಮೇಲೆ ಓದಿದ. ಕೂಸು, ಕುದುರೆ, ಸಾರಥಿ, ಅಗಳಿ. ಅಜ್ಜಿ ನಗಲಿಲ್ಲ.

“ಬಿಡಪ್ಪಾ ಅವನ್ನ,” ಅಂದಳು. “ಎಷ್ಟು ದಿನ ಹಿಡಕೊಂಡು ಕುಂದ್ರತಿ?”

ಮಾಮ ಹಾಳೆಗಳನ್ನು ಜೋಡಿಸತೊಡಗಿದ. ಅಜ್ಜಿ ಮತ್ತೆ ಕೇಳಿದಳು: “ಹೋಗೋ ಮುಂದ ಉಂಡು ಹೋದನೇನು?”

ಅವಳು ಯಾರ ಬಗ್ಗೆ ಕೇಳುತ್ತಿದ್ದಾಳೆಂದು ಹೇಳಲಿಲ್ಲ. ನಾವೂ ಕೇಳಲಿಲ್ಲ. ಮಾಮ ಹಾಳೆಗಳನ್ನು ಕೆಳಗಿಟ್ಟ.

“ಉಂಡಿದ್ದ, ಯವ್ವಾ,” ಅಂದ. “ನಾ ಎಚ್ಚರ ಇದ್ದೆ. ಒಲಿ ಮುಂದ ಕುಂತು ಎರಡು ರೊಟ್ಟಿ ತಿಂದ. ನೀರು ಕುಡದ. ಹೊರಗ ಹೋಗಿ ಬರ್ತಾನ ಅಂತ ಸುಮ್ನ ಮಲಕೊಂಡಿದ್ದೆ.”

ಅಜ್ಜಿ ಅಳುತ್ತಾಳೆ ಅಂದುಕೊಂಡೆ ನಾನು. ಅವಳು ಕೈಚಾಚಿ ಮಗನ ನೆರೆತ ತಲೆಯನ್ನು ಸವರಿದಳು.

“ಹಂಗಾರ ಆ ರೊಟ್ಟಿ ನಾಯಿ ತಿಂದಿಲ್ಲ,” ಅಂದಳು. “ಇಷ್ಟು ವರ್ಷ ನಾ ನಾಯಿ ತಿಂತು ಅಂತ ತಿಳಕೊಂಡಿದ್ದೆ.”

ಆ ವಾರವೇ ರಾಜಕುಮಾರ ಮನೆ ಬಿಟ್ಟ. ಆ ಷಟ್ಪದಿಯ ಅರ್ಧ ನನಗೆ ಇವತ್ತಿಗೂ ಬಾಯಿಪಾಠವಿದೆ:

ರೊಟ್ಟಿ ಮುರಿದನು, ಪಲ್ಯ ಹಚ್ಚಿದ,
ಗಟ್ಟಿ ಮನದಲಿ ನೀರು ಕುಡಿದನು,
ಹೊಟ್ಟೆ ತುಂಬಿದ ಮೇಲೆ ತೆರೆದನು ಮನೆಯ ಬಾಗಿಲನು.