ಹೊಸ ಮೊಣಕಾಲು, ಹಳೇ ಮೇಜು

ಮೊಣಕಾಲು ಬದಲಿಸಿಕೊಂಡವನ ಮನೆಯಲ್ಲಿ ನಗು ತರಿಸುವಂಥದ್ದು ಏನಾದರೊಂದು ಆಗುತ್ತಲೇ ಇರುತ್ತದೆ. ನಗುವ ಮನಸ್ಸು ಇರಬೇಕು, ಅಷ್ಟೆ. ನನಗೆ ಆಪರೇಷನ್ ಆದದ್ದು ಹೆಂಡತಿ ತೀರಿಕೊಂಡ ವರ್ಷದಲ್ಲೇ. ಮಗನಿಲ್ಲ. ಅವಳ ವರ್ಷಾಂತಿಕಕ್ಕೆ ಮಣೆಯ ಮೇಲೆ ಕೂತು ಪಿಂಡ ಇಡಬೇಕಾದವನು ನಾನೇ. ಅಷ್ಟರೊಳಗೆ ನೆಲಕ್ಕೆ ಕೂರುವಂತಾಗಬೇಕು ಎಂಬುದೊಂದೇ ನನ್ನ ಆಸೆ.

ಗೌರವದ ಆಸನ

ಕಳಮಶ್ಶೇರಿಯಲ್ಲಿ ನನ್ನದು ಪೈಪು, ನಲ್ಲಿ, ಕಕ್ಕಸಿನ ಕ್ಲೋಸೆಟ್ಟುಗಳ ಅಂಗಡಿ. ಏಲೂರಿನ ಕಾರ್ಖಾನೆಯಿಂದ ನಿವೃತ್ತರಾದ ಹಳೇ ಗಿರಾಕಿಯೊಬ್ಬರು ನೋಡಲು ಬಂದವರು ನೇರವಾಗಿ ನನ್ನ ಕಮೋಡ್ ಕುರ್ಚಿಯ ಮೇಲೆ ಕೂತುಬಿಟ್ಟರು. ಮುಚ್ಚಳ ಹಾಕಿತ್ತು, ಪುಣ್ಯ. ಪಟ್ಟಂ ಊರಿನ ಕೆಲಸಕ್ಕೆ ರಜೆ ಹಾಕಿ ಬಂದಿದ್ದ ಮಗಳು ಹೇಳಲೂ ಆಗದೆ, ನಗಲೂ ಆಗದೆ ಅವರಿಗೆ ಅಲ್ಲೇ ಚಹಾ ಕೊಟ್ಟಳು. ಅವರು ನನ್ನ ಹೆಂಡತಿಯ ಗುಣಗಾನ ಮಾಡಿ ಕಣ್ಣೊರೆಸಿಕೊಂಡರು. ನನ್ನ ಕಣ್ಣೂ ತುಂಬಿತು. ಏಳುವಾಗ ಕುರ್ಚಿಯ ಕೈ ತಟ್ಟಿ, ಗಟ್ಟಿ ಮಾಲು, ಎಲ್ಲಿ ತಕೊಂಡಿರಿ ಎಂದರು.

"ನಮ್ಮ ಅಂಗಡಿಯ ಜಾತಿಯದ್ದೇ," ಎಂದೆ.

ಚೌಕಾಸಿ

ಕಾಲು ಮಡಚಿಸಲು ಫಿಸಿಯೋ ಹುಡುಗಿ ಬರುತ್ತಿದ್ದಳು. ತೊಂಬತ್ತು ಡಿಗ್ರಿಗೆ ಬರಬೇಕು ಎಂದಳು. ಪ್ರಾಣ ಹೋಗುವ ನೋವು. ಎಪ್ಪತ್ತೈದಕ್ಕೆ ಮುಗಿಸಮ್ಮ ಎಂದೆ. ಆಗದು ಎಂದಳು. ಎಂಬತ್ತು ಎಂದೆ.

"ಇದು ನಿಮ್ಮ ಅಂಗಡಿಯಲ್ಲ ಅಂಕಲ್. ಇಲ್ಲಿ ಒಂದೇ ರೇಟು."

ಕಾಲು ತೊಂಬತ್ತಕ್ಕೆ ಬಂದ ದಿನ ನೆಲಕ್ಕೆ ಕೂರುವ ವಿಷಯ ಕೇಳಿದೆ. ಚಕ್ಕಳಮಕ್ಕಳ ಹಾಕುವುದನ್ನು ಮರೆತುಬಿಡಿ ಎಂದಳು. ಅದಕ್ಕೆ ಯಾವ ರೇಟೂ ಇರಲಿಲ್ಲ.

ವರ್ಷಾಂತಿಕ

ನಮ್ಮ ಊಟದ ಮೇಜು ಹೆಂಡತಿ ಆಸೆಪಟ್ಟು ತರಿಸಿದ್ದು. ನಾನು ಮಾತ್ರ ಜೀವಮಾನವಿಡೀ ನೆಲದಲ್ಲೇ, ಆಪರೇಷನ್ ಆದ ಮೇಲೆ ಮಂಚದಲ್ಲೇ ಉಂಡವನು. ಮೇಜು ಇಸ್ತ್ರಿ ಬಟ್ಟೆ ಇಡುವುದಕ್ಕಾಯಿತು. "ಒಂದು ದಿನ ಮೇಲೆ ಬನ್ನಿ, ಎದುರುಬದುರು ಕೂತು ಉಣ್ಣುವ," ಎನ್ನುತ್ತಿದ್ದಳು. ನಾಳೆ ಎನ್ನುತ್ತಿದ್ದೆ.

ಕರ್ಮ ಮಾಡಿಸಲು ಕಾಸರಗೋಡಿನಿಂದ ಭಟ್ಟರು ಬರುತ್ತಾರೆ, ಕುರ್ಚಿಗೆ ಒಪ್ಪುತ್ತಾರೋ ಇಲ್ಲವೋ ಎಂದು ನಾನು ವಾದ ಹೊಂದಿಸಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಆಟೋದಿಂದ ಮೊದಲು ಇಳಿದದ್ದು ಊರುಗೋಲು, ಆಮೇಲೆ ಭಟ್ಟರು. ಅವರಿಗೆ ಎರಡೂ ಕಾಲಿಗೆ ಆಪರೇಷನ್ ಆಗಿತ್ತಂತೆ.

"ನಮ್ಮಿಬ್ಬರಲ್ಲಿ ದೇವರು ಕೊಟ್ಟ ಮೊಣಕಾಲು ಒಂದೇ ಉಳಿದದ್ದು ಮಾರಾಯ್ರೆ. ಅದನ್ನು ನಂಬಿ ಕೆಳಗೆ ಕೂತರೆ ಎಬ್ಬಿಸುವುದು ಯಾರು? ಮೇಜು ಉಂಟಲ್ಲ, ತೊಳೆಯಿರಿ."

ಮಗಳು ಇಸ್ತ್ರಿ ಬಟ್ಟೆ ತೆಗೆದು ಮೇಜು ತೊಳೆದಳು. ಕರ್ಮವೆಲ್ಲ ಅದರ ಮೇಲೇ ನಡೆಯಿತು. ಊಟಕ್ಕೆ ನನ್ನ ಎದುರಿಗೆ ಹೆಂಡತಿಯ ಹೆಸರಿನಲ್ಲಿ ಒಂದು ಎಲೆ ಹಾಕಿ ಎಲ್ಲವನ್ನೂ ಬಡಿಸಿದರು. ನಾನು ಆ ಮೇಜಿನಲ್ಲಿ ಉಂಡದ್ದು ಅದೇ ಮೊದಲು, ಭಟ್ಟರಿಗೂ ಹಾಗೆಂದೆ.

ಪಾಯಸ ಮುಗಿಸಿದ ಭಟ್ಟರು ಕುರ್ಚಿಗೆ ಒರಗಿ, "ಇಷ್ಟು ಸುಖದ ಮೇಜು ಇಟ್ಟುಕೊಂಡು ಇಷ್ಟು ವರ್ಷ ನೆಲದಲ್ಲಿ ಯಾಕೆ ಉಂಡದ್ದು ನೀವು?" ಎಂದರು.

ಮಗಳು ಒಳಗೆ ಹೋದಳು. ನಾನು ಎದುರಿನ ಎಲೆಯನ್ನು ನೋಡಿದೆ. ವಾದ ಗೆದ್ದ ದಿನ ಸುಮ್ಮನಿರುವ ಅಭ್ಯಾಸ ನನ್ನ ಹೆಂಡತಿಗೆ ಮೊದಲು ಇರಲಿಲ್ಲ.