ಅರ್ಧ ಎಚ್‌ಪಿ ಭಾವಮೈದ

ಅರಸೀಕೆರೆಯಲ್ಲಿ ಸಮುದ್ರವಿಲ್ಲ ಎಂಬ ಸಂಗತಿಯನ್ನು ನಮ್ಮ ಭಾವನಿಗೆ ಯಾರೂ ತಿಳಿಸಿರಲಿಲ್ಲವೆಂದು ಕಾಣುತ್ತದೆ! ಇಲ್ಲದಿದ್ದರೆ, ಮೊಣಕಾಲುದ್ದ ನೀರು ಕಂಡರೂ ಮಾರು ದೂರ ನಿಲ್ಲುವ, ಮೀನಿನ ಹೆಸರೆತ್ತಿದರೇ ಮೂಗು ಮುಚ್ಚಿಕೊಳ್ಳುವ ಮನುಷ್ಯ, ಮೀನು ಹಿಡಿಯುವ ದೋಣಿಗೆ ಎಂಥ ಎಂಜಿನ್ ಬೇಕೆಂದು ಹೇಳಲು ಹೊರಡುತ್ತಿದ್ದರೇ?

ಭಾವ ಎಂದರೆ ನನ್ನಕ್ಕನ ಗಂಡ; ಮಕ್ಕಳಿಲ್ಲದ ಅವರ ಮನೆಗೆ ಚಿಕ್ಕವನೆಂದರೆ ನಾನೊಬ್ಬನೇ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ ಅವರದು. ಕಣಕಟ್ಟೆ ಕಡೆಯ ತೆಂಗಿನ ತೋಟಗಳ ಪ್ರಾಣವೆಲ್ಲ ಅವರ ಕೈಯಲ್ಲಿ. ಹಾಗಾಗಿ ಮನುಷ್ಯರನ್ನೂ ಎಚ್‌ಪಿಯಲ್ಲೇ ಅಳೆಯುತ್ತಿದ್ದರು. ಪಕ್ಕದ ಮನೆಯ ಮೇಷ್ಟ್ರು ಎರಡು ಎಚ್‌ಪಿ, "ಆದ್ರೆ ಬೇಗ ಬಿಸಿಯಾಗ್ತಾರೆ." ನಮ್ಮಕ್ಕ? "ಅವಳಿಗೆ ಸ್ವಿಚ್ಚೇ ಇಲ್ಲ ಕಣೋ, ಆಫ್ ಮಾಡೋದು ಎಲ್ಲಿಂದ!" ಇನ್ನು ನಾನು. ಅವರ ಮದುವೆಯಲ್ಲಿ ತೆಂಗಿನಕಾಯಿ ಮೂಟೆ ಹೊರಲು ಹೋಗಿ ಅದರಡಿಯಲ್ಲೇ ಕುಳಿತುಬಿಟ್ಟಿದ್ದೆ. ಅಂದಿನಿಂದ ಯಾರಿಗೆ ಪರಿಚಯಿಸಿದರೂ ಒಂದೇ ಮಾತು: "ಇವನು ನನ್ನ ಭಾವಮೈದ. ಅರ್ಧ ಎಚ್‌ಪಿ."

ನಾನಾಗ ಹಳೇಬೀಡಿನಲ್ಲಿ ಮೇಷ್ಟ್ರಾಗಿದ್ದೆ. ಬೇಲೂರಿನ ಹತ್ತಿರ ಯಗಚಿ ಅಣೆಕಟ್ಟು ತುಂಬಿದ ಹೊಸತು. ನನ್ನ ಶಾಲೆಯ ಹುಡುಗಿಯೊಬ್ಬಳ ತಂದೆ ರಂಗಪ್ಪ ತೆಪ್ಪದಲ್ಲಿ ಮೀನು ಹಿಡಿಯುತ್ತಿದ್ದವನು, ಮಂಗಳೂರಿನ ಕಡೆಯಿಂದ ಹಳೆಯ ಫೈಬರ್ ದೋಣಿಯೊಂದನ್ನು ತಂದಿದ್ದ. ಅದನ್ನು ಹುಟ್ಟು ಹಾಕಿ ನಡೆಸಿ ಅವನ ರಟ್ಟೆ ಬಿದ್ದುಹೋಗಿತ್ತು. ಎಂಜಿನ್ ಕೊಳ್ಳಲು ಹೋದರೆ ಅಂಗಡಿಯವನು "ಎಷ್ಟು ಎಚ್‌ಪಿ?" ಎಂದನಂತೆ. ಕಡಿಮೆಯಾದರೆ ದೋಣಿ ಕದಲುವುದಿಲ್ಲ, ಹೆಚ್ಚಾದರೆ ಪೆಟ್ರೋಲು ಕುಡಿದು ಮನೆ ತೊಳೆಯುತ್ತದೆ. ಅವನ ಕೈಲಾಗುವುದು ಒಂದೇ ಎಂಜಿನ್, ಒಂದೇ ಸಲ. ಯಾವ ಗಳಿಗೆಯಲ್ಲೋ ನಾನು ಅಂದುಬಿಟ್ಟೆ, "ನಮ್ಮ ಭಾವನ್ನ ಕೇಳೋಣ."

ಅರಸೀಕೆರೆಯ ಅಂಗಡಿಯಲ್ಲಿ ಭಾವ ಕನ್ನಡಕ ಏರಿಸಿ ರಂಗಪ್ಪನನ್ನು ಕೇಳಿದರು, "ಎಷ್ಟು ಅಡಿ?"

"ಇಪ್ಪತ್ತೆರಡು ಅಡಿ ಅಣ್ಣ."

"ಅಷ್ಟೇನಾ! ಒಂದು ಎಚ್‌ಪಿ ಧಾರಾಳ ಆಯ್ತು ಬಿಡು!"

"ಅಣ್ಣೋ, ಅದು ದೋಣಿ ಉದ್ದ."

"ಉದ್ದ ಕಟ್ಕೊಂಡು ನನಗೇನಯ್ಯಾ? ನೀರು ಎಷ್ಟು ಅಡಿ ಕೆಳಗೈತೆ, ಅದು ಹೇಳು."

ರಂಗಪ್ಪ ನನ್ನ ಮುಖ ನೋಡಿದ. "ನೀರು ಕೆಳಗೇ ಐತೆ ಅಣ್ಣ. ಆದ್ರೆ ದೋಣಿ ಅದರ ಮೇಲೈತೆ."

ಅರಸೀಕೆರೆಯಲ್ಲಿ ಎಚ್‌ಪಿ ಎಂದರೆ ಕೊಳವೆಬಾವಿಯ ಆಳ, ಅಷ್ಟೇ. ನೀರನ್ನು ಮೇಲೆತ್ತದ ಮೋಟಾರೂ ಒಂದಿರುತ್ತದೆಂದು ತಿಳಿದು ಭಾವ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲವೆಂದು ಅಕ್ಕ ಫೋನಿನಲ್ಲಿ ದೂರಿದಳು.

ಭಾನುವಾರ ಭಾವ ತಾವೇ ಬೇಲೂರಿನಲ್ಲಿ ಬಸ್ಸಿಳಿದು ಯಗಚಿಯ ದಡಕ್ಕೆ ಬಂದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಕೊಬ್ಬರಿ ಮೂಟೆ ತೂಗುವ ಸ್ಪ್ರಿಂಗ್ ತಕ್ಕಡಿ! ನೀರಿನಲ್ಲಿದ್ದ ಖಾಲಿ ದೋಣಿಯ ಹಗ್ಗಕ್ಕೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ದಡದುದ್ದಕ್ಕೂ ನಮ್ಮಿಂದ ಎಳೆಸಿ, ಮುಳ್ಳು ನೋಡಿ ಘೋಷಿಸಿದರು: "ಕೊಬ್ಬರಿ ಮೂಟೆಗಿಂತ ಹಗುರ ಕಣ್ರೋ! ಐದು ಎಚ್‌ಪಿ ಸಾಕು." ಪರೀಕ್ಷೆಗೆಂದು ರಂಗಪ್ಪ ಒಂದು ದಿನದ ಮಟ್ಟಿಗೆ ಎರವಲು ತಂದಿದ್ದ ಎಂಜಿನ್ನೂ, ಅದೃಷ್ಟಕ್ಕೆ, ಐದು ಎಚ್‌ಪಿಯದೇ. "ಇವನ್ನೂ ಕೂರಿಸ್ಕೊ. ಅರ್ಧ ಎಚ್‌ಪಿ, ಅಂಥಾ ತೂಕವೇನಿಲ್ಲ" ಎಂದು ನನ್ನನ್ನು ಹತ್ತಿಸಿದರು.

"ಬತ್ತೀನಿ ಅಣ್ಣ" ಎಂದು ರಂಗಪ್ಪ ದೋಣಿ ಬಿಟ್ಟ.

ಹೋಗುವಾಗ ಏನು ಓಟ! ಬೆನ್ನಿಗೆ ಗಾಳಿಯಿತ್ತು, ನೋಡಿ. ಬಲೆ ಎಳೆದು, ಮೀನು ತುಂಬಿಕೊಂಡು ತಿರುಗಿಸಿದಾಗ ಅದೇ ಗಾಳಿ ಮುಖಕ್ಕೆ ಹೊಡೆಯಿತು. ಒದ್ದೆ ಬಲೆ ಕಲ್ಲಿನ ಭಾರ. ಎಂಜಿನ್ ಕಿರುಚಿಕೊಂಡಿತು, ದೋಣಿ ಹಿಂದಕ್ಕೆ ಜಾರಿತು. ದಡದಲ್ಲಿ ನಿಂತ ಭಾವನ ಕೊಡೆ ಸಣ್ಣದಾಗುತ್ತಾ ಹೋಯಿತು. "ಮೇಷ್ಟ್ರೇ, ಹುಟ್ಟು ಹಾಕಿ!" ಎಂದು ರಂಗಪ್ಪ ಕೂಗಿದ. ಹಾಕಿದೆ. ಅಂಗೈ ಬೊಬ್ಬೆ ಬಂದು ಒಡೆದರೂ ಹಾಕಿದೆ. ನಿಜ ಹೇಳುತ್ತೇನೆ, ತುಂಬ ಹೆದರಿದ್ದೆ.

ಗಾಳಿ ಕೊಂಚ ತಗ್ಗಿ ದಡ ಹತ್ತಿರವಾದಾಗ ನೋಡುತ್ತೇನೆ, ನಮ್ಮ ಭಾವ ಎದೆಮಟ್ಟದ ನೀರಿನಲ್ಲಿ! ಪಂಚೆ ತೇಲುತ್ತಿದೆ, ಕೊಡೆ ಹಾರಿಹೋಗಿದೆ, ತಕ್ಕಡಿ ಮಾತ್ರ ತಲೆಯ ಮೇಲೆ ಭದ್ರ!

ದೋಣಿಯ ಅಂಚು ಹಿಡಿದವರು ಬಿಡಲೇ ಇಲ್ಲ. "ಮನೆ ಬಿಡುವಾಗ ಯಾರಾದ್ರೂ 'ಹೋಗ್ತೀನಿ' ಅಂತಾರೇನೋ? 'ಬತ್ತೀನಿ' ಅಂತಾರೆ. ನಾನು ಹೋಗೋದಕ್ಕೆ ಲೆಕ್ಕ ಹಾಕ್ಬಿಟ್ಟೆ ರಂಗಪ್ಪ, ಬರೋದಕ್ಕೆ ಹಾಕ್ಲೇ ಇಲ್ಲ."

ಅಲ್ಲೇ ಒದ್ದೆ ಪಂಚೆಯಲ್ಲಿ ಕುಳಿತು, ಮೀನು ತುಂಬಿದ ದೋಣಿಯನ್ನು ಎದುರುಗಾಳಿಗೆ ಮತ್ತೆ ಎಳೆಸಿ ತೂಗಿದರು. ಮೂಗು ಮುಚ್ಚಿಕೊಳ್ಳುವುದು ಮರೆತೇಹೋಗಿತ್ತು. ಹದಿನೈದು ಎಚ್‌ಪಿ ಎಂದರು. ರಂಗಪ್ಪ ಅದನ್ನೇ ಕೊಂಡ. ಆಮೇಲೆ ಎಂಥ ಗಾಳಿಯಿದ್ದರೂ ಅವನು ಸಂಜೆಗೆ ದಡ ಸೇರುತ್ತಿದ್ದ. ಮುಂದಿನ ವರ್ಷ ಮಗಳನ್ನು ಬೇಲೂರಿನ ಹೈಸ್ಕೂಲಿಗೂ ಸೇರಿಸಿದ.

ಆ ದಿನ ಬಸ್ ಹತ್ತಿಸುವಾಗ ತಮಾಷೆಗೆ ಕೇಳಿದೆ, "ಅಷ್ಟು ಹೊತ್ತು ಹುಟ್ಟು ಹಾಕಿದೀನಿ ಭಾವ. ಈಗಲಾದ್ರೂ ಒಂದು ಎಚ್‌ಪಿ ಮಾಡಿ."

ಅವರು ನಗಲಿಲ್ಲ. ಬೊಬ್ಬೆಯೆದ್ದ ನನ್ನ ಅಂಗೈಯನ್ನು ತಮ್ಮ ಗ್ರೀಸು ಮೆತ್ತಿದ ಕೈಯಲ್ಲಿ ಹಿಡಿದುಕೊಂಡರು.

"ನೀನು ಅರ್ಧವೇ ಕಣೋ. ಆದ್ರೆ ನಿಮ್ಮಕ್ಕನಿಗೂ ನನಗೂ ಇರೋದು ಅದೊಂದೇ ಮೋಟ್ರು."