ಕಾವಿಗೆ ಕೂತ ಹೇಂಟೆಯೂ ಮಧ್ಯಾಹ್ನದ ಬಸ್ಸೂ

ಹೆಂಡತಿ: ಕೋಳಿ ಕೂತಿದೆ ಅಂತ ಮನೆಯವರೆಲ್ಲ ಕೂತ್ಕೋಬೇಕು ಅಂತ ಯಾವ ಕಾನೂನಿದೆ?

ಕಂಡಕ್ಟರು: ಅದು ಸುಮ್ನೆ ಕೂತಿಲ್ಲ ಕಣೇ. ಕಾವಿಗೆ ಕೂತಿದೆ. ಎರಡಕ್ಕೂ ವ್ಯತ್ಯಾಸ ಇದೆ.

ಹೆಂಡತಿ: ಇದೆ. ಕಾವಿಗೆ ಕೂತಿದ್ದು ದಿನಕ್ಕೊಂದು ಸಲ ಎದ್ದು ನೀರಾದ್ರೂ ಕುಡಿದು ಬರುತ್ತೆ. ನೀವು ಅದನ್ನೂ ಕೂತಲ್ಲಿಗೇ ತರಿಸ್ಕೋತೀರಿ.

ಈ ಮಾತು ಹೋಗಿ ಬಿದ್ದದ್ದು ವರಾಂಡದ ಬೆತ್ತದ ಆರಾಮಕುರ್ಚಿಯ ಮೇಲೆ. ಅದರಲ್ಲಿ ಒರಗಿದ್ದವರು ಬಸ್ ಕಂಡಕ್ಟರಾಗಿದ್ದು ನಿವೃತ್ತರಾದವರು. ಕೆಲಸ ಬಿಟ್ಟ ದಿನ ಆ ಕುರ್ಚಿ ಹಿಡಿದವರು ಊಟ, ನಿದ್ದೆ, ಕೋಳಿ ಈ ಮೂರಕ್ಕೆ ಬಿಟ್ಟು ಎದ್ದದ್ದನ್ನು ಬೀದಿಯಲ್ಲಿ ಯಾರೂ ಕಂಡಿಲ್ಲ. ಬೆತ್ತ ಅವರ ಆಕಾರಕ್ಕೇ ತಗ್ಗು ಬಿದ್ದಿತ್ತು.

ಹಿತ್ತಿಲಲ್ಲಿ ಆರು ಹೇಂಟೆಗಳಿದ್ದವು. ಹುಂಜ ಇರಲಿಲ್ಲ, ಬೆಳಗಿನ ನಿದ್ದೆ ಕೆಡಿಸುತ್ತದೆಂದು ಇವರೇ ಅದನ್ನು ಸಾಗಹಾಕಿದ್ದರು. ಆರರಲ್ಲಿ ಕಪ್ಪು ಹೇಂಟೆ ಎರಡು ವಾರದಿಂದ ಕಾವಿಗೆ ಕೂತಿತ್ತು. ಮೈಯುಬ್ಬಿಸಿಕೊಂಡು ಗೂಡಿನ ತುಂಬ ಹರಡಿ, ಹತ್ತಿರ ಬಂದವರ ಕೈ ಕುಕ್ಕುತ್ತಿತ್ತು. ಮನೆಯಲ್ಲಿ ಹುಂಜ ಇಲ್ಲದ ಮೇಲೆ ಮೊಟ್ಟೆ ಮರಿಯಾಗುವುದುಂಟೇ? ಅದಕ್ಕೇ ಕಂಡಕ್ಟರು ಹುಂಜ ಸಾಕಿದವರೊಬ್ಬರ ಮನೆಯಿಂದ ಎಂಟು ಮೊಟ್ಟೆ ತಂದು ಅದರ ಅಡಿಗೆ ಇಟ್ಟಿದ್ದರು. ಇಟ್ಟದ್ದು ಯಾವತ್ತು ಎಂಬುದೇ ಮುಖ್ಯ. ಹೆಂಡತಿಯ ತಂಗಿಗೆ ಕಣ್ಣಿನ ಆಪರೇಷನ್ ನಿಗದಿಯಾಗಿದೆ ಅಂತ ಫೋನು ಬಂದ ದಿನವೇ ಇಟ್ಟಿದ್ದರು.

ಆಪರೇಷನ್ ಆಯಿತು. ನಾಳೆ ಬೆಳಿಗ್ಗೆ ಪಟ್ಟಿ ಬಿಚ್ಚುತ್ತಾರೆ. ಬಿಚ್ಚಿದಾಗ ಮೊದಲು ಅಕ್ಕನ ಮುಖ ಕಾಣಬೇಕು ಎಂದು ತಂಗಿ ಫೋನಿನಲ್ಲಿ ಅತ್ತಿದ್ದಳು. ಮಧ್ಯಾಹ್ನದ ಬಸ್ಸು ಹಿಡಿದರೆ ಸರಿ, ತಪ್ಪಿದರೆ ಅವಳ ಕಣ್ಣಿಗೆ ಮೊದಲು ಬೀಳುವುದು ಡಾಕ್ಟರ ಮೂಗು.

ಕಂಡಕ್ಟರು: ನಾನೇನು ಹೋಗಬೇಡ ಅಂದ್ನಾ? ಮುಂದಿನ ವಾರ ಹೋಗೋಣ ಅಂದೆ.

ಹೆಂಡತಿ: ಪಟ್ಟಿ ಬಿಚ್ಚೋದು ನಾಳೆ.

ಕಂಡಕ್ಟರು: ಮುಂದಿನ ವಾರಾನೂ ಕಣ್ಣು ಅಲ್ಲೇ ಇರುತ್ತೆ.

ಹೆಂಡತಿ ಕೈಲಿದ್ದ ಬಟ್ಟೆಯನ್ನು ಚೀಲಕ್ಕೆ ತುರುಕಿದಳು. ಮಡಿಕೆ ಕೆಟ್ಟಿತು, ನೋಡಲಿಲ್ಲ. ತಂಗಿಯ ಮನೆಗೆ ಹೋಗುವ ಮಾತು ಹಿಂದೆಯೂ ಎರಡು ಸಲ ಮುರಿದಿತ್ತು. ಒಂದು ಸಲ ಒಂದು ಹೇಂಟೆ ಚಿಪ್ಪಿಲ್ಲದ ಮೊಟ್ಟೆ ಇಟ್ಟಿತ್ತು, ಇನ್ನೊಂದು ಸಲ ಇನ್ನೊಂದು ಸೀನಿತ್ತು. ಆ ಸೀನನ್ನು ಕಂಡಕ್ಟರರನ್ನು ಬಿಟ್ಟು ಬೇರೆ ಯಾರೂ ಕೇಳಿರಲಿಲ್ಲ.

ಹೆಂಡತಿ: ಸರಿ, ನೀವು ಇರಿ. ನಾನೊಬ್ಬಳೇ ಹೋಗ್ತೀನಿ.

ಕಂಡಕ್ಟರು: ಒಬ್ಬಳೇನಾ? ಬಸ್ಸಲ್ಲಿ ಎಂಥೆಂಥ ಜನ ಇರ್ತಾರೆ ಅಂತ ನನಗೆ ಗೊತ್ತು. ಸರ್ವೀಸೆಲ್ಲ ಅವರ ಜೊತೇಲೇ ಕಳೆದಿದ್ದೀನಿ.

ಹೆಂಡತಿ: ಅವರು ನಿಮ್ಮನ್ನ ಸಹಿಸ್ಕೊಂಡ್ರಲ್ಲ, ಒಳ್ಳೇ ಜನಾನೇ ಇರಬೇಕು.

ಕಂಡಕ್ಟರು: ಮತ್ತೆ ನನ್ನ ಊಟ?

ಹೆಂಡತಿ: ಅಂದ್ರೆ ನೀವು ಬರೋ ಹಾಗಿಲ್ಲ, ನೀವಿಲ್ದೆ ನಾನು ಹೋಗೋ ಹಾಗಿಲ್ಲ, ಕೋಳಿ ಏಳೋ ಹಾಗಿಲ್ಲ. ಇಷ್ಟು ವರ್ಷ ಊರವರಿಗೆಲ್ಲ ರೈಟ್ ರೈಟ್ ಅಂದ್ರಿ. ಮನೆಗೆ ಬಂದ್ರೆ ನನಗೊಬ್ಬಳಿಗೆ ಹೋಲ್ಡಾನ್.

ಕಂಡಕ್ಟರಿಗೆ ಇದು ಸ್ವಲ್ಪ ನಾಟಿತು. ಆದರೆ ಎದ್ದೇಳುವಷ್ಟು ನಾಟಲಿಲ್ಲ. ಕುತ್ತಿಗೆಯ ದಾರದಲ್ಲಿ ನೇತಾಡುತ್ತಿದ್ದ ಹಳೆಯ ಡ್ಯೂಟಿ ಸೀಟಿಯನ್ನು ಹಿಡಿದುಕೊಂಡು, ಕೋಳಿ ಸಾಕುವುದು ಎಂಥ ಜವಾಬ್ದಾರಿ ಎಂದು ವಿವರಿಸಿದರು. ಸಂಜೆ ತಾವು ಒಂದು ಸೀಟಿ ಊದಿದರೆ ಆರೂ ಸಾಲಾಗಿ ಗೂಡಿಗೆ ಬರುತ್ತವೆ. ಬಾಗಿಲಲ್ಲಿ ಗುಂಪುಗಟ್ಟಿದರೆ ಮುಂದೆ ಹೋಗಿ ಮುಂದೆ ಹೋಗಿ ಅಂದರೆ ಸಾಕು, ಒಳಗೆ ಜಾಗ ಮಾಡಿಕೊಳ್ಳುತ್ತವೆ. ಬೇರೆ ಯಾರ ಸೀಟಿಗೂ ಅವು ಬಗ್ಗುವುದಿಲ್ಲ.

ಹೆಂಡತಿ: ನಿಮಗೆ ಸಂಜೆ ನಿದ್ದೆ ಹತ್ತಿದ ದಿನ ಅವು ರಾತ್ರಿಯೆಲ್ಲ ಬೀದೀಲೇ ಇದ್ವಾ?

ಕಂಡಕ್ಟರು: ಯಾಕೆ?

ಹೆಂಡತಿ: ನಾನು ಪಾತ್ರೆ ಮುಚ್ಚಳ ಬಡೀತೀನಿ. ಸೀಟಿಗಿಂತ ಬೇಗ ಬರ್ತವೆ.

ಕಂಡಕ್ಟರು ಮಾತು ಬದಲಿಸಿದರು.

ಕಂಡಕ್ಟರು: ಅದು ಬಿಡು, ಮೊಟ್ಟೆ ವಿಷಯ ನೋಡು. ನಿನ್ನೆ ಒಂದೊಂದೇ ತೆಗೆದು ಟಾರ್ಚಿಗೆ ಹಿಡಿದೆ. ಒಳಗೆ ಕೆಂಪಗೆ ನರ ಬಿಟ್ಟಿದೆ. ಒಂದರಲ್ಲಿ ಎದೆ ಬಡ್ಕೊಳ್ಳೋದೂ ಕಾಣಿಸ್ತು. ಇಂಥ ಹೊತ್ತಲ್ಲಿ ಬಿಟ್ಟು ಹೋಗೋಕೆ ಮನಸ್ಸು ಬರುತ್ತಾ?

ಹೆಂಡತಿ ಚೀಲಕ್ಕೆ ಹಾಕುತ್ತಿದ್ದ ಟವೆಲನ್ನು ಮತ್ತೆ ಹೊರಗೆಳೆದಳು. ಕೆಮ್ಮು ಬಂದವಳಂತೆ ಅದನ್ನು ಬಾಯಿಗೆ ಒತ್ತಿಕೊಂಡಳು.

ಹೆಂಡತಿ: ಎಂಟರಲ್ಲೂ ಜೀವ ಇದೆಯಾ?

ಕಂಡಕ್ಟರು: ಏಳರಲ್ಲಿ ಖಂಡಿತ ಇದೆ. ಒಂದು ಮಾತ್ರ ಸ್ವಲ್ಪ ಅನುಮಾನ.

ಹೆಂಡತಿ: ಕೈ ಕುಕ್ಕಲಿಲ್ವಾ ನಿಮಗೆ?

ಕಂಡಕ್ಟರು: ನನ್ನ ಕೈ ಅದಕ್ಕೆ ಗೊತ್ತು.

ಕೈಯನ್ನು ಎತ್ತಿ ತೋರಿಸಿದರು. ಒಂದು ಗೀರೂ ಇರಲಿಲ್ಲ. ದಿನಾ ಆ ಹೇಂಟೆಯನ್ನು ಎಬ್ಬಿಸಿ ಕಾಳು ತಿನ್ನಿಸುತ್ತಿದ್ದವಳು ಹೆಂಡತಿ. ಅವಳ ಮಣಿಕಟ್ಟಿನ ಮೇಲೆ ಮಾತ್ರ ಕೊಕ್ಕಿನ ಕಲೆ ಸಾಲಾಗಿ ಮೂಡಿತ್ತು. ಕಲೆ ಕಾಣಿಸದ ಹಾಗೆ ಅವಳು ಸೆರಗು ಎಳೆದುಕೊಂಡಳು.

ಅಷ್ಟರಲ್ಲಿ ಗೇಟು ಕಿರ್ರೆಂದಿತು. ಪಕ್ಕದ ಮನೆಯ ಬಡಗಿ ಬಂದ. ಯಾರು ಏನು ಕೇಳಿದರೂ ಆಗಲಿ ಎನ್ನುವ ಮನುಷ್ಯ, ಅದರಿಂದಲೇ ಬೀದಿಯ ಅರ್ಧ ಜನಕ್ಕೆ ಅವನ ಮೇಲೆ ಸಿಟ್ಟು. ಊರಿಂದ ಬರುವವರೆಗೆ ಕೋಳಿ ನೋಡಿಕೊಳ್ಳಪ್ಪ ಎಂದು ಹೆಂಡತಿ ಅವನಿಗೆ ನಿನ್ನೆಯೇ ಹೇಳಿದ್ದಳು, ಆಗಲಿ ಅಂದಿದ್ದ. ಆಗೋದಿಲ್ಲ ಅಂತ ಹೇಳಯ್ಯ ಎಂದು ಕಂಡಕ್ಟರು ಬೆಳಿಗ್ಗೆ ಕಾಂಪೌಂಡಿನ ಮೇಲಿಂದ ಹೇಳಿದ್ದರು. ಅದಕ್ಕೂ ಆಗಲಿ ಅಂದಿದ್ದ.

ಬಡಗಿ: ಅಕ್ಕಾ, ಕೋಳಿ ನೋಡ್ಕೊಳ್ಳೋಕೆ ಆಗಲ್ಲ. ಬೆನ್ನು ನೋವು.

ಹೆಂಡತಿ: ಅಯ್ಯೋ ಪಾಪ. ಯಾವಾಗಿಂದ?

ಬಡಗಿ: ಭಾವ ಹೇಳಿದಾಗಿಂದ.

ಕಂಡಕ್ಟರು: ನಾನೇನಯ್ಯ ಹೇಳಿದೆ?

ಬಡಗಿ: ಬೆನ್ನು ಅಂದ್ರೋ ಸೊಂಟ ಅಂದ್ರೋ, ಸರಿಯಾಗಿ ನೆನಪಿಲ್ಲ ಭಾವ. ಬೆನ್ನು ಅಂತ ಹೇಳಿಬಿಟ್ಟೆ. ಬದಲಾಯಿಸಲಾ?

ಕಂಡಕ್ಟರು ಬಿಸಿಲು ಕಣ್ಣಿಗೆ ಹೊಡೆಯಿತೆಂಬಂತೆ ಮುಖ ತಿರುಗಿಸಿದರು. ಬಡಗಿ ಇಬ್ಬರನ್ನೂ ನೋಡಿದ. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಹೌದೆನ್ನಬೇಕಾದ ಸಂಕಟ ಅವನಿಗೆ ಇದೇ ಮೊದಲು.

ಹೆಂಡತಿ: ಅವನನ್ನ ಬಿಡಿ. ನಾನೊಂದು ಮಾತು ಹೇಳ್ತೀನಿ, ಕೇಳಿ. ಆ ಎದೆ ಬಡಿತ ನನಗೂ ತೋರಿಸಿ. ಕಂಡ್ರೆ ನಾನು ಬಸ್ಸು ಹತ್ತಲ್ಲ. ಮುಂದಿನ ವಾರ ಅಲ್ಲ, ನೀವು ಹೇಳೋವರೆಗೂ ತಂಗಿ ಹೆಸರೇ ಎತ್ತಲ್ಲ.

ಕಂಡಕ್ಟರು: ಈಗ ಮೊಟ್ಟೆ ಹೊರಗೆ ತೆಗೀಬಾರದು. ಥಂಡಿ ತಗಲುತ್ತೆ.

ಹೆಂಡತಿ: ನಿನ್ನೆ ಎಂಟಕ್ಕೂ ತಗಲದ ಥಂಡಿ ಇವತ್ತು ಒಂದಕ್ಕೆ ತಗಲುತ್ತಾ?

ಕಂಡಕ್ಟರು: ನಿನ್ನೆ ಗಾಳಿ ಇರಲಿಲ್ಲ.

ಹೆಂಡತಿ: ಹೋಗು ತಮ್ಮಾ, ಒಂದು ತಗೊಂಡು ಬಾ. ಕೈಗೆ ಗೋಣಿ ಸುತ್ಕೋ.

ಬಡಗಿ ಹಿತ್ತಿಲಿಗೆ ಹೋದ. ಹೇಂಟೆ ಬೈದದ್ದು ವರಾಂಡಕ್ಕೂ ಕೇಳಿಸಿತು. ಕಂಡಕ್ಟರು ಟಾರ್ಚ್ ಎಲ್ಲಿಟ್ಟಿದ್ದೇನೋ ಸಿಗುವುದಿಲ್ಲ ಎಂದು ಹೇಳುತ್ತಿದ್ದಾಗ ಹೆಂಡತಿ ಅದನ್ನು ಕುರ್ಚಿಯ ಪಕ್ಕದಿಂದಲೇ ಎತ್ತಿ ಅವರ ಕೈಗಿಟ್ಟಳು. ಸೆಲ್ಲು ಹಾಕಿರಲಿಲ್ಲ. ಸೆಲ್ಲು ತೆಗೆದು ಗೋಡೆ ಗಡಿಯಾರಕ್ಕೆ ಹಾಕಿ ತಿಂಗಳಾಗಿತ್ತು, ಹಾಕಿದವರು ಕಂಡಕ್ಟರೇ.

ಹೆಂಡತಿ: ನಿನ್ನೆ ಯಾವ ಟಾರ್ಚು ಹಿಡಿದು ನೋಡಿದ್ರಿ?

ಉತ್ತರ ಬರುವ ಮೊದಲೇ ಬಡಗಿ ಬಂದ. ಗೋಣಿ ಸುತ್ತಿದ ಅಂಗೈಯಲ್ಲಿ ಬೆಳ್ಳಗೆ ಒಂದು ಮೊಟ್ಟೆ. ಕಂಡಕ್ಟರು ಜೀವಮಾನದಲ್ಲಿ ಮೊದಲ ಸಲ ಅಕ್ಕರೆಯಿಂದ ಎರಡೂ ಕೈ ಚಾಚಿದರು.

ಬಡಗಿ: ಹುಷಾರು ಭಾವ. ಬಿದ್ರೆ...

ಕಂಡಕ್ಟರು: ಒಡೆಯುತ್ತೆ. ಗೊತ್ತಯ್ಯ, ನನಗೆ ಕಲಿಸಬೇಡ.

ಬಡಗಿ: ಒಡೆಯಲ್ಲ. ಕಾಲಿಗೆ ಪೆಟ್ಟಾಗುತ್ತೆ.

ಕಂಡಕ್ಟರು ಮೊಟ್ಟೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು. ಉಗುರಿನಿಂದ ಕೆರೆದರು. ಬಿಳಿ ಬಣ್ಣ ಎದ್ದು ಒಳಗಿನ ಕಂದು ಕಂಡಿತು. ಕುರ್ಚಿಯ ಕೈಗೆ ಮೆಲ್ಲಗೆ ಬಡಿದರೆ ಟಕ್ ಎಂದಿತು.

ಕಂಡಕ್ಟರು: ಮರದ್ದಲ್ವೇನಯ್ಯ ಇದು!

ಬಡಗಿ: ಹೌದು ಭಾವ. ನನ್ನ ಕೈಯಾರೆ ಕಡೆದಿದ್ದು. ಅಕ್ಕ ಕೇಳಿದ್ರು, ಆಗಲಿ ಅಂದೆ.

ಕಂಡಕ್ಟರು: ಎಂಟೂ?

ಬಡಗಿ: ಎಂಟೂ. ಒಂದರಲ್ಲಿ ಮಾತ್ರ ಮರದ ಗಂಟು ಇತ್ತು. ನಿಮಗೆ ಅನುಮಾನ ಬಂದಿದ್ದು ಅದೇ ಇರಬೇಕು.

ಹೆಂಡತಿ ಈಗ ಟವೆಲು ಅಡ್ಡ ಹಿಡಿಯದೆ ಮನಸಾರೆ ನಕ್ಕಳು. ಕಂಡಕ್ಟರ ಮುಖ ನೋಡುವ ಹಾಗಿರಲಿಲ್ಲ. ಆದರೂ ಅವರು ಕುಳಿತೇ ಇದ್ದರು, ಮತ್ತು ಕುಳಿತಿದ್ದವರಿಗೆ ದಬಾಯಿಸುವ ಹಕ್ಕಿದೆ ಎಂದು ಭಾವಿಸಿದ್ದರು.

ಕಂಡಕ್ಟರು: ನಾನು ತಂದ ಮೊಟ್ಟೆ ಎಲ್ಲಿ?

ಹೆಂಡತಿ: ಇಟ್ಟ ದಿನಾನೇ ತೆಗೆದೆ. ಸಾರು ಮಾಡಿದೆ.

ಕಂಡಕ್ಟರು: ಮರಿಯಾಗೋ ಮೊಟ್ಟೆ ಕಣೇ ಅವು. ಯಾರಿಗೆ ಹಾಕಿದೆ?

ಹೆಂಡತಿ: ನಿಮಗೇ. ಇವತ್ತು ಬಹಳ ಚೆನ್ನಾಗಿದೆ ಅಂತ ಎರಡು ಸಲ ಹಾಕಿಸ್ಕೊಂಡ್ರಿ.

ಬಡಗಿ ತನಗೂ ಒಂದು ಬಟ್ಟಲು ಬಂದಿತ್ತೆಂದೂ, ಖಾರ ಹದವಾಗಿತ್ತೆಂದೂ ಹೇಳಿದ. ಯಾರೂ ಅವನನ್ನು ಕೇಳಿರಲಿಲ್ಲ.

ಕಂಡಕ್ಟರು: ತೆಗೆದಿದ್ದೆ ಅಂತ ಅವತ್ತೇ ಹೇಳಬಹುದಿತ್ತು.

ಹೆಂಡತಿ: ಹೇಳಿದ್ರೆ ಮತ್ತೆಂಟು ತರ್ತಿದ್ರಿ. ಒಂದು ಸಲ, ಒಂದೇ ಒಂದು ಸಲ ನೀವು ಗೂಡಿಗೆ ಕೈ ಹಾಕಿ ನೋಡಿದ್ರೆ ಸಿಕ್ಕಿಬೀಳ್ತಿದ್ದೆ. ದಿನಾ ಹೆದರ್ಕೊಂಡೇ ಇದ್ದೆ. ಹೆದರಿದ್ದು ದಂಡ ಆಯ್ತು.

ಅವಳ ನಗು ಅಲ್ಲಿಗೆ ನಿಂತಿತು. ಮರದ ಮೊಟ್ಟೆಯನ್ನು ಅವರ ಕೈಯಿಂದ ತೆಗೆದುಕೊಂಡಳು. ಅದು ಇನ್ನೂ ಬೆಚ್ಚಗಿತ್ತು.

ಹೆಂಡತಿ: ಪಾಪ ಅನಿಸೋದು ಆ ಕೋಳೀನ ನೋಡಿದ್ರೆ. ಅದಕ್ಕೆ ನಾನು ಮೋಸ ಮಾಡಿದೆ. ಒಳಗೆ ಮರಿ ಇದೆ ಅಂತ ನಂಬಿ ಅದು ಕೂತಿತ್ತು. ನೀವು ಏನು ನಂಬಿ ಕೂತಿದ್ದೀರಿ?

ಕಂಡಕ್ಟರು ಚಿಲ್ಲರೆ ಹುಡುಕುವವರಂತೆ ಜೇಬು ತಡವಿದರು. ಸೀಟಿಯ ದಾರ ಎಳೆದಾಡಿ, ಸರಿ, ತಾವೂ ಬರುವುದಾಗಿಯೂ, ಬಟ್ಟೆ ತುಂಬಿಕೊಳ್ಳಲು ಹೆಚ್ಚು ಹೊತ್ತು ಬೇಡವೆಂದೂ ದೊಡ್ಡ ಉಪಕಾರ ಮಾಡುವ ದನಿಯಲ್ಲಿ ಹೇಳಿದರು.

ಹೆಂಡತಿ: ನಾನು ಸೀಟು ಹೇಳಿಟ್ಟಿರೋದು ಒಂದೇ.

ಕಂಡಕ್ಟರು: ಒಂದೇನಾ? ಕಂಡಕ್ಟರನ ಮನೇಲಿ?

ಹೆಂಡತಿ: ಕಂಡಕ್ಟರು ಎಬ್ಬಿಸಿದ್ರೂ ಏಳಲ್ಲ ಅಂತ ಗೊತ್ತಿತ್ತು. ಅಕ್ಕಿ ಡಬ್ಬೀಲಿದೆ, ಬೇಳೆ ಪಕ್ಕದಲ್ಲಿದೆ. ಎದ್ದು ಹೋದ್ರೆ ಎರಡೂ ಸಿಗುತ್ತವೆ.

ಆಮೇಲೆ ಅವಳು ಬಡಗಿಯ ಕಡೆ ತಿರುಗಿ ಮಾಡಬೇಕಾದ್ದನ್ನೆಲ್ಲ ಹೇಳಿದಳು. ಬೆಳಿಗ್ಗೆ ಗೂಡು ತೆಗೆಯಬೇಕು, ನೀರು ಬದಲಾಯಿಸಬೇಕು, ಕಾಳು ಹಾಕಬೇಕು, ಮೊಟ್ಟೆ ಇದ್ದರೆ ಅವನ ಮನೆಗೇ ಒಯ್ಯಬೇಕು, ಸಂಜೆ ಮುಚ್ಚಳ ಬಡಿಯಬೇಕು. ಕಪ್ಪು ಹೇಂಟೆಯ ಕಾವು ಬಿಡಿಸಬೇಕು: ಅದನ್ನು ತಂತಿ ಬುಟ್ಟಿಗೆ ಹಾಕಿ, ಬುಟ್ಟಿಯನ್ನು ಎರಡು ಇಟ್ಟಿಗೆಯ ಮೇಲಿಡಬೇಕು, ಅಡಿಯಿಂದ ಗಾಳಿಯಾಡಬೇಕು, ಹುಲ್ಲಿನ ಒಂದು ಎಳೆಯೂ ಇರಬಾರದು. ಮೆತ್ತಗೆ, ಬೆಚ್ಚಗೆ ಇರುವ ತನಕ ಯಾವುದೂ ಕಾವು ಬಿಡುವುದಿಲ್ಲ. ಬಡಗಿ ಪ್ರತಿಯೊಂದಕ್ಕೂ ಆಗಲಿ ಅಂದ. ಬೆನ್ನು ನೋವಿನ ಸುದ್ದಿ ಎತ್ತಲಿಲ್ಲ.

ಹೆಂಡತಿ: ಇನ್ನೊಂದು. ಆ ಕುರ್ಚಿ ಬೆತ್ತ ಜೋತುಬಿದ್ದಿದೆ. ಅಂಗಡಿಗೆ ಒಯ್ದು ಬಿಚ್ಚಿಹಾಕು. ನಾನು ಬಂದ ಮೇಲೆ ಹೆಣೆದರೆ ಸಾಕು.

ಕಂಡಕ್ಟರು: ನಾನು ಎಲ್ಲಿ ಕೂತ್ಕೊಳ್ಳಲಿ?

ಹೆಂಡತಿ: ನೀರು, ಕಾಳು ಹತ್ತಿರಾನೇ ಇದೆ. ಏನೂ ತೊಂದರೆ ಆಗಲ್ಲ.

ಬಡಗಿ ಕುರ್ಚಿಯ ಒಂದು ಕೈ ಹಿಡಿದು ನಯವಾಗಿ ಓರೆ ಮಾಡಿದ. ಕಂಡಕ್ಟರು ಜಾರಿ ಮೆಟ್ಟಿಲ ಮೇಲೆ ಕೂತರು. ಮೆಟ್ಟಿಲು ತಣ್ಣಗಿತ್ತು. ಬಡಗಿ ಕುರ್ಚಿಯನ್ನು ತಲೆಯ ಮೇಲೆ ಹೊತ್ತುಕೊಂಡ. ಅಷ್ಟು ಹೊತ್ತಿಗೆ ಅವನ ಬೆನ್ನು ಪೂರ್ತಿ ವಾಸಿಯಾಗಿತ್ತು.

ಬಡಗಿ: ಅಕ್ಕಾ, ಕಾವು ಬಿಟ್ಟಿದೆ ಅಂತ ತಿಳಿಯೋದು ಹೇಗೆ?

ಹೆಂಡತಿ: ಹತ್ತಿರ ಹೋದ್ರೆ ಕುಕ್ಕೋಕೆ ಬರಲ್ಲ. ತಾನಾಗೇ ಎದ್ದು ಓಡಾಡುತ್ತೆ.

ಬಡಗಿ: ನಾನು ಕೋಳಿದು ಕೇಳಿದೆ.

ಹೆಂಡತಿ: ನಾನು ಇಬ್ಬರದೂ ಹೇಳಿದೆ.

ಬೀದಿಯ ಕೊನೆಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಅವಳು ಚೀಲ ಹೆಗಲಿಗೇರಿಸಿ ಗೇಟಿನವರೆಗೆ ಹೋದಳು. ಅಲ್ಲಿ ನಿಂತು ಹಿಂದಿರುಗಿ ನೋಡಿದಳು. ಇಷ್ಟು ವರ್ಷದಲ್ಲಿ ಈ ಮನೆಯಿಂದ ಅವಳನ್ನು ಬಸ್ಸಿಗೆ ಕಳಿಸಿದವರು ಯಾರೂ ಇರಲಿಲ್ಲ.

ಹೆಂಡತಿ: ಹೊರಟಿದ್ದೀನಿ. ಹೇಳಿ.

ಕಂಡಕ್ಟರು: ಏನು ಹೇಳೋದು?

ಹೆಂಡತಿ: ಊರವರಿಗೆಲ್ಲ ಹೇಳ್ತಿದ್ದಿದ್ದು.

ಕಂಡಕ್ಟರು ಕೂತಲ್ಲಿಂದಲೇ ಮೆಲ್ಲಗೆ ರೈಟ್ ಅಂದರು.

ಹೆಂಡತಿ: ಕೂತ್ಕೊಂಡು ಯಾವ ಕಂಡಕ್ಟರೂ ಹಾಗೆ ಹೇಳಿದ್ದು ನಾನು ಕಂಡಿಲ್ಲ. ಅಂಥ ರೈಟಿಗೆ ಬಸ್ಸು ಕದಲಲ್ಲ.

ಅವರು ಮೆಟ್ಟಿಲಿಗೆ ಕೈಯೂರಿದರು. ಮಂಡಿ ಎರಡು ಸಲ ಲಟಕ್ಕೆಂದಿತು. ನಿಂತರು. ಅಂಗಿ ಎಳೆದು ನೆಟ್ಟಗೆ ಮಾಡಿಕೊಂಡು, ಹಳೆಯ ದಿನಗಳ ದನಿಯಲ್ಲಿ, ಬೀದಿಯ ತುದಿಯಲ್ಲಿದ್ದ ಡ್ರೈವರಿಗೂ ಕೇಳುವಂತೆ ರೈಟ್ ರೈಟ್ ಎಂದು ಕೂಗಿದರು.

ಹೆಂಡತಿ ಹೋದಳು. ಕುರ್ಚಿ ಹೊತ್ತು ನಿಂತಿದ್ದ ಬಡಗಿ ಅವಳ ಹಿಂದೆಯೇ ಎರಡು ಹೆಜ್ಜೆ ಓಡಿ ಕೂಗಿ ಹೇಳಿದ.

ಬಡಗಿ: ಅಕ್ಕಾ, ಒಂದು ಎದ್ದಾಯ್ತು. ಇನ್ನು ಕೋಳಿ ಮಾತ್ರ ಬಾಕಿ.